ಸಾಲಾರ್ ಜಂಗ್‌ನ್ಯಾಗ ಚೀನಾದ ಹಳೇ ಸಾಮಾನು, ಹುಡುಗ್ರಿಗೆ ಏನ್ ತೋರಸ್ಬೇಕ್ರಿ?

ಗುಮ್ಮಟನಗರಿ_ಮಾಸ್ತರ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರೀ. ನಾ ವಿಜಯಪುರ ಕಡೆ ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಸ್ತೀನಿ. ಒಂಬತ್ತನೇತ್ತಾ ಹುಡುಗ್ರನ್ನ ಕರ್ಕೊಂಡ ಹೈದರಾಬಾದ್ ಟ್ರಿಪ್ ಹೊಂಟೀವಿ, ಗೋಲ್ಕೊಂಡಾ ಚಾರ್‌ಮಿನಾರ್ ಮುಗಿಸಿ ಸಾಲಾರ್ ಜಂಗ್ ಮ್ಯೂಸಿಯಂಗ ಅರ್ಧಾ ದಿನಾ ಇಟ್ಟೀವಿ. ಅಲ್ಲಿ ಹೋದವ್ರೆಲ್ಲಾ ಮುಸುಕಿನ ರೆಬೆಕ್ಕಾ ಮೂರ್ತಿ ನೋಡ್ತಾರ, ತಾಸಿಗೊಮ್ಮೆ ಗಂಟಿ ಬಾರಸೋ ಗಡಿಯಾರದ ಮುಂದ ಕುಂದರ್ತಾರ, ಆಮ್ಯಾಲೆ ಚೀನಾ ವಿಭಾಗ ಬಂತಂದ್ರ ಇಲ್ಲಿ ಬರೇ ಭಾಂಡೆ ಸಾಮಾನ ಅದಾವ ಅಂತ ಸರಸರ ಹಾದ ಹೋಗಿಬಿಡ್ತಾರ. ನನಗ ಅದೇ ವಿಭಾಗದಾಗ ಹುಡುಗ್ರನ್ನ ಒಂದ ತಾಸರೆ ನಿಂದರಸ್ಬೇಕಂತ ಭಾಳ ಆಸೆ ಐತ್ರಿ.

ಯಾಕಂದ್ರ ನಮ್ಮ ಹುಡುಗ್ರಿಗೆ ಚೀನಾ ಅಂದ್ರ ಮಹಾಗೋಡೆ, ಕಾಗದ, ಸಿಡಿಮದ್ದು, ರೇಷ್ಮಿ ಇಷ್ಟ. ಪರೀಕ್ಷಾಕ್ಕ ಬರದ ಬಿಡ್ತಾರ, ಆದ್ರ ಮೂರ ಸಾವಿರ ವರ್ಷದ ಹಿಂದ ಯಾರೋ ಕೈಲೆ ಮಾಡಿದ್ದ ಸಾಮಾನ ಎದುರಿಗೆ ಇಟ್ರ ಅದನ್ನ ಹೆಂಗ ನೋಡಬೇಕು ಅನ್ನೂದು ಅವ್ರಿಗೂ ಗೊತ್ತಿಲ್ಲ, ನಾ ಹೇಳಿಕೊಡಬೇಕಂದ್ರ ನನಗೂ ಅಷ್ಟ ಓದಿಲ್ಲ. ಚೀನಾದ ಹಳೇ ಸಾಮಾನಿನ ದೊಡ್ಡ ಪ್ರದರ್ಶನ 2011ರಾಗ ದಿಲ್ಲಿ, ಮುಂಬಯಿ, ಹೈದರಾಬಾದ್, ಕೋಲ್ಕತ್ತಾಕ್ಕ ಬಂದ ಹೋಗೇತಿ ಅಂತ ಕೇಳೀನಿ, ಅದನ್ನ ನೋಡಿದವ್ರು ಇಲ್ಲಿ ಯಾರರೆ ಇದ್ರ ಹೇಳ್ರಿ. ಏನ್ ನೋಡಬೇಕು, ಏನ್ ಬಿಡಬೇಕು, ಹೋಗೂಕಿಂತ ಮುಂಚೆ ಕ್ಲಾಸಿನ್ಯಾಗ ಏನ್ ಹೇಳಿ ತಯಾರ ಮಾಡಬೇಕು, ಎಲ್ಲಾ ಹೇಳ್ರಿ.

ಅರಕಿಲ್ಲಾ_ಓಣಿ, ವಿಜಯಪುರ

ಮಾಸ್ತರ್ರ, ಹೈದರಾಬಾದ್ ಬಸ್ ಹತ್ತೂಕಿಂತ ಮುಂಚೆ ಹುಡುಗ್ರನ್ನ ಗೋಳಗುಮ್ಮಟಕ್ಕ ಕರ್ಕೊಂಡ ಹೋಗ್ರಿ, ಗುಮ್ಮಟ ಹತ್ತಿ ಕೂಗಾಕಲ್ಲ, ಅದರ ಮುಂದ ನಗಾರಖಾನಿ ಐತಲ್ಲ, ಅದರಾಗಿನ ಮ್ಯೂಸಿಯಂಗ. ಊರಾಗ ಹುಟ್ಟಿ ಬೆಳದವ್ರ ಎಷ್ಟೋ ಮಂದಿ ಅದರ ಒಳಗ ಕಾಲ ಇಟ್ಟಿಲ್ಲ. 1892ರಾಗ ಸುರು ಆದ ಮ್ಯೂಸಿಯಂ ಅದು, ಈಗ ಪುರಾತತ್ವ ಇಲಾಖೆ ಕೈಯಾಗ ಐತಿ. ಶಾಸನ, ಮೂರ್ತಿ, ಆಯುಧ, ಗಾಲೀಚಾ, ಕೈಬರಹದ ಪುಸ್ತಕ ಅದಾವು, ಅವುಗಳ ಜೋಡಿ ಚೀನಾದ ಪಿಂಗಾಣಿ ಸಾಮಾನೂ ಅದಾವು. ನಮ್ಮ ಆದಿಲಶಾಹಿ ಕಾಲದ ಊರಾಗ ಚೀನಾ ಪಿಂಗಾಣಿ!

ಇದು ಹೆಂಗ ಬಂತು ಅಂತ ಹುಡುಗ್ರ ಕೇಳಿದ್ರ ನಕಾಶೆ ಹಾಸಿ ತೋರಸ್ರಿ. ದಾಭೋಳ ಬಂದರ ಆದಿಲಶಾಹಿಯವರ ಕೈಯಾಗ ಇತ್ತು, 1510ರಾಗ ಪೋರ್ಚುಗೀಸರು ಕಸಗೊಳ್ಳೂತನಕ ಗೋವಾನೂ ಇವರ ಕಡೇನ ಇತ್ತು. ಚೀನಾದಿಂದ ಮಲಾಕ್ಕಾ, ಅಲ್ಲಿಂದ ನಮ್ಮ ಪಶ್ಚಿಮ ದಂಡಿ, ಮುಂದ ಅರಬ್ ಕಡೆ, ಹಿಂಗ ಹಡಗದಾಗ ಮಾಲ ತಿರಗಾಡ್ತಿತ್ತು. ಹಂಪಿ ಅಗದಾಗ ಅಲ್ಲಿ ದೊಡ್ಡ ಮಂದಿ ಇದ್ದ ಮನಿಗಳ ಜಾಗಾದಾಗೂ ಚೀನಾ ಪಿಂಗಾಣಿ ಚೂರ ಸಿಕ್ಕಾವ. ಅಂದ್ರ ತುಂಗಭದ್ರಾದ ಈ ದಂಡಿಗೆ ಆ ದಂಡಿಗೆ ಕಾದಾಡಿದ ಎರಡೂ ಕಡೆಯವ್ರು ಊಟಕ್ಕ ಒಂದೇ ದೇಶದ ತಾಟ ಇಟ್ಕೊಂಡಿದ್ರು.

ದಖ್ಖಣದ ಮತ್ತ ಮೊಘಲರ ಅರಮನ್ಯಾಗ ಹಸರ ಬಣ್ಣದ ಚೀನಾ ತಾಟಿಗೆ ಭಾಳ ಬೆಲೆ ಇತ್ತು, ಘೋರಿ ಅಂತ ಕರೀತಿದ್ರು. ವಿಷಾ ಹಾಕಿದ ಅಡಗಿ ಅದರಾಗ ಬಡಿಸಿದ್ರ ತಾಟ ಸೀಳತೈತಿ, ಇಲ್ಲಾ ಬಣ್ಣಾ ಬದಲ ಆಗತೈತಿ ಅಂತ ನಂಬಿಕಿ. ಇದು ಖರೇನ ಅಲ್ಲ, ಆದ್ರ ಅಣ್ಣ ತಮ್ಮರ ಒಬ್ಬರಿಗೊಬ್ಬರ ವಿಷಾ ಹಾಕೋ ಕಾಲದಾಗ ಸುಲ್ತಾನ ಇಂಥಾ ತಾಟ ಯಾಕ ತರಸ್ತಿದ್ದ ಅಂತ ಹುಡುಗ್ರಿಗೆ ಒಮ್ಮೆ ಹೇಳಿದ್ರ ಸಾಕು, ಸಾಲಾರ್ ಜಂಗ್‌ನ್ಯಾಗ ಹಸರ ತಾಟ ಎಲ್ಲಿ ಅದಾವ ಅಂತ ಅವ್ರ ಹುಡಕ್ತಾರ. ಹೋಗೂ ದಿನಾ ರಜಾ ಐತೇನು ಅಂತ ಮೊದಲ ಕೇಳಕೊಳ್ರಿ ಅಷ್ಟ.

ಖಾನಾಪುರ_ಮಣ್ಣು, ಬೆಳಗಾವಿ ಜಿಲ್ಲಾ

ನಮ್ಮ ಮನಿತಾನದ ಕೆಲಸಾ ಮಣ್ಣಿಂದ, ಅದಕ್ಕ ಬರೇ ಭಾಂಡೆ ಸಾಮಾನ ಅನ್ನೂ ಮಾತು ಓದಿ ಸುಮ್ಮ ಇರಾಕ ಆಗಲಿಲ್ಲ. ಮಾಸ್ತರ್ರ, ಪಿಂಗಾಣಿ ಮಾಡೂದು ಜಗತ್ತಿನ್ಯಾಗ ಚೀನಾದವ್ರ ಮೊದಲ ಕಂಡ ಹಿಡದ್ರು, ಯುರೋಪಿನವ್ರಿಗೆ ಅದರ ಗುಟ್ಟ ಬಿಡಸಾಕ 1700 ದಾಟಬೇಕಾತು. ಯಾಕ ಅಷ್ಟ ಕಷ್ಟ ಅನ್ನೂದನ್ನ ಹೇಳ್ತೀನಿ ನೋಡ್ರಿ.

ನಮ್ಮ ಕೆಂಪ ಮಣ್ಣಿನ ಗಡಿಗಿ 700ರಿಂದ 900 ಡಿಗ್ರಿ ಒಳಗ ಸುಟ್ಟ ಬರತೈತಿ. ಅದನ್ನ ಹಂಗ 1300 ಡಿಗ್ರಿತನಕ ಕಾಸಿದ್ರ ಗಡಿಗಿ ನಿಂದರೂದಿಲ್ಲ, ಸೊಟ್ಟಾಗಿ ಕುಸದ ಬೀಳತೈತಿ, ಯಾಕಂದ್ರ ಅದರಾಗ ಕಬ್ಬಿಣದ ಅಂಶ ಮತ್ತ ಬ್ಯಾರೆ ಬ್ಯಾರೆ ಕಲಬೆರಕಿ ಭಾಳ ಇರತೈತಿ. ಚೀನಾದಾಗ ಜಿಂಗ್‌ಡೆಝೆನ್ ಅಂತ ಒಂದ ಊರ ಐತಿ, ಅದರ ಹತ್ರ ಸಿಗೂ ಬಿಳೇ ಮಣ್ಣ ಕೇಓಲಿನ್ ಎಂಥಾ ಬೆಂಕಿಗೂ ತಡೀತೈತಿ, ಅದಕ್ಕ ಪಿಂಗಾಣಿ ಕಲ್ಲ ಪುಡಿ ಮಾಡಿ ಕೂಡಸ್ತಾರ. ಆ ಕಲ್ಲ ಬೆಂಕ್ಯಾಗ ಕರಗಿ ಗಾಜ ಆಗಿ ಮಣ್ಣಿನ ಸಂದಿ ಸಂದಿ ತುಂಬತೈತಿ, ಬಿಳೇ ಮಣ್ಣ ಅಸ್ಥಿಪಂಜರ ಆಗಿ ಆಕಾರ ಹಿಡದ ನಿಂದರತೈತಿ. ಎರಡೂ ಕೂಡಿದ್ದಕ್ಕ ನೀರ ಹೀರೂದಿಲ್ಲ, ತೆಳ್ಳಗ ಮಾಡಿದ್ರ ಬೆಳಕ ಪಾರ ಆಗತೈತಿ, ಬೆರಳಿಲೆ ಬಡದ್ರ ಠಣ್ ಅನ್ನತೈತಿ. ಮ್ಯೂಸಿಯಂದಾಗ ಬಡೀಬ್ಯಾಡ್ರಿ ಮತ್ತ.

ನೀಲಿ ಬಿಳಿ ಸಾಮಾನ ಸಿಕ್ಕ್ರ ಹುಡುಗ್ರನ್ನ ಕಾಜಿನ ಹತ್ರ ನಿಂದರಸಿ ನೀಲಿ ಗೆರಿ ಅಷ್ಟ ನೋಡಾಕ ಹೇಳ್ರಿ. ಆ ಬಣ್ಣ ಕೋಬಾಲ್ಟ್, ಚೀನಾದ ಯುಆನ್ ರಾಜವಂಶದ ಕಾಲದಾಗ ಮತ್ತ ಅದರ ಮುಂದಿನ ಮಿಂಗ್ ವಂಶದ ಸುರುವಿನ್ಯಾಗ ಒಳ್ಳೇ ಕೋಬಾಲ್ಟ್ ಪರ್ಶಿಯಾದಿಂದ ಬರ್ತಿತ್ತು. ಬರೆಯೂ ಮುಂದ ಅದು ಕಪ್ಪಗ ಬೂದಗ ಕಾಣತೈತಿ, ನೀಲಿ ಆಗೂದು ಬೆಂಕ್ಯಾಗ. ಅಂದ್ರ ಬರಿಯಾಂವ ಕಾಣದ ಬಣ್ಣದಾಗ ಚಿತ್ರಾ ಬರೀಬೇಕು. ಮತ್ತ ಬರಿಯೂದು ಹಸಿ ಸಾಮಾನಿನ ಮ್ಯಾಲ, ಇನ್ನೂ ಸುಟ್ಟಿರೂದಿಲ್ಲ, ಕುಂಚ ಮುಟ್ಟಿದ ತಕ್ಷಣ ಒಣ ಮಣ್ಣ ಬಣ್ಣಾ ಎಳಕೊಂಡ ಬಿಡತೈತಿ, ಒರಸಾಕ ಬರೂದಿಲ್ಲ, ತಿದ್ದಾಕ ಬರೂದಿಲ್ಲ. ಆಮ್ಯಾಲೆ ಮ್ಯಾಲ ಮೆರಗ, ಅಂದ್ರ ಬೆಂಕ್ಯಾಗ ಗಾಜಿನಂಗ ಆಗೂ ಲೇಪ, ಹಚ್ಚಿ ಒಮ್ಮೆಲೆ ಸುಡ್ತಾರ. ಹಳೇ ತಾಟಿನ್ಯಾಗ ಅಲ್ಲಲ್ಲಿ ನೀಲಿ ದಟ್ಟಾಗಿ ಕಪ್ಪ ಚುಕ್ಕಿ ಆಗಿರತಾವು, ಕುಂಚ ಅಲ್ಲಿ ಒಂದ ಕ್ಷಣಾ ಜಾಸ್ತಿ ನಿಂತೈತಿ, ಬಣ್ಣ ಅಲ್ಲಿ ಗುಂಪ ಆಗೇತಿ. ಆ ಚುಕ್ಕಿ ನೋಡಿದ್ರ ಬರದವನ ಕೈ ಎಲ್ಲಿ ತಡೀತು ಅಂತ ಗೊತ್ತ ಆಗತೈತಿ, ನನಗಂತೂ ಅದಕ್ಕಿಂತ ಚಂದದ್ದ ಯಾವದೂ ಇಲ್ಲ.

ಹಸರ ತಾಟಿನ ಗುಟ್ಟ ಬ್ಯಾರೆ. ಅದರ ಮೆರಗಿನ್ಯಾಗ ಸ್ವಲ್ಪ ಕಬ್ಬಿಣ ಐತಿ. ಭಟ್ಟಿಗೆ ಗಾಳಿ ಸರಾಗ ಬಿಟ್ರ ಅದು ಹಳದಿ ಕಂದ ಆಗತೈತಿ, ಗಾಳಿ ಕಟ್ಟಿ ಹೊಗಿ ಹಿಡಿಸಿದ್ರ ಹಸರ ಆಗತೈತಿ. ಲೋಂಗ್‌ಚ್ವಾನ್ ಕಡೆ ಭಟ್ಟಿಗಳು ಇದಕ್ಕ ಹೆಸರವಾಸಿ ಇದ್ದವು. ಬೆಂಕಿ ಬಣ್ಣಾ ನೋಡಿನ ಗಾಳಿ ಎಷ್ಟ ಬಿಡಬೇಕು ಅಂತ ತಿಳಕೊಳ್ತಿದ್ರು, ಆವಾಗ ಎಲ್ಲಿ ಮೀಟರ್ ಇತ್ರಿ.

ಮಲಪ್ರಭಾ_ದಂಡಿ, ಬಾಗಲಕೋಟಿ

ಬ್ಯಾಸರ ಮಾಡ್ಕೋಬ್ಯಾಡ್ರಿ ಸರ, ನಮ್ಮ ಐಹೊಳಿ, ಪಟ್ಟದಕಲ್ಲ, ಬಾದಾಮಿ ಇಲ್ಲೇ ತಾಸ ಎರಡ ತಾಸಿನ ದಾರ್ಯಾಗ ಅದಾವು, ಅವನ್ನ ಹುಡುಗ್ರು ಸರಿಯಾಗಿ ನೋಡಿಲ್ಲ. ಅದನ್ನ ಬಿಟ್ಟ ಚೀನಾದ ತಾಟ ಯಾಕ ತೋರಸ್ಬೇಕು ಅನ್ನೂದು ನನ್ನ ಪ್ರಶ್ನೆ. ಮೊದಲ ನಮ್ಮದು ತಿಳೀಲಿ ಅಂತ ನನ್ನ ಅಭಿಪ್ರಾಯ.

ಬಾದಾಮಿ_ಅಗಸ್ತ್ಯತೀರ್ಥ, ಬಾಗಲಕೋಟಿ ಜಿಲ್ಲಾ

ಅಣ್ಣಾರ, ನಮ್ಮದು ತಿಳಿಯಾಕನ ಚೀನಾದವ್ರು ಬೇಕಾಗ್ಯಾರ ನೋಡ್ರಿ. ಇಮ್ಮಡಿ ಪುಲಿಕೇಶಿ ಹರ್ಷನ್ನ ತಡದ ನಿಂದರಸಿದ ಅಂತ ನಾವ ಎದಿ ತಟ್ಟಿ ಹೇಳ್ತೀವಿ, ಅದಕ್ಕ ಒಂದ ಸಾಕ್ಷಿ ಐಹೊಳಿ ಮೇಗುಟಿ ಗುಡ್ಯಾಗ ಐತಿ, ರವಿಕೀರ್ತಿ ಬರೆಸಿದ ಶಾಸನ, 634ರದ್ದು. ಆದ್ರ ಅದು ರಾಜನ ಕಡೆಯವ ಬರದದ್ದು, ಹೊಗಳಿಕಿ ಇದ್ದದ್ದ. ಎರಡನೇ ಸಾಕ್ಷಿ ಯಾರದು? ಹ್ಯೂಯೆನ್ ತ್ಸಾಂಗ್‌ದು. ಆಂವಾ 629ರಾಗ ಚೀನಾ ಬಿಟ್ಟ, ನಡಕೋತ ಕುದರಿ ಮ್ಯಾಲ ಮರಭೂಮಿ ದಾಟಿ ಬಂದ, 641ರ ಸುಮಾರಿಗೆ ನಮ್ಮ ಚಾಲುಕ್ಯ ರಾಜ್ಯದಾಗ ತಿರಗಾಡಿ, 645ರಾಗ ವಾಪಸ ಹೋದ. ಹೋಗೂ ಮುಂದ 657 ಗ್ರಂಥ ಹೊತಗೊಂಡ ಹೋದ, ಅವನ್ನ ಇಡಾಕ ಅಂತ ಶಿಯಾನ್‌ದಾಗ 652ರಾಗ ಪಗೋಡಾ ಕಟ್ಟಿದ್ರು, ಈಗೂ ನಿಂತೈತಿ.

ಪುಲಿಕೇಶಿ ಬಗ್ಗೆ ಆಂವಾ ಏನ್ ಬರದಾನ ಅಂದ್ರ, ಉತ್ತರದ ಹರ್ಷ ಎಲ್ಲಾರನ್ನೂ ಬಗ್ಗಿಸಿದ, ಆದ್ರ ಈ ರಾಜ್ಯದ ಮಂದಿ ಮಾತ್ರ ಅವಗ ಬಗ್ಗಲಿಲ್ಲ ಅಂತ. ಇಲ್ಲಿ ಮಂದಿ ಉಪಕಾರ ಮಾಡಿದವ್ರನ್ನ ಮರ್ಯೂದಿಲ್ಲ, ಅವಮಾನ ಮಾಡಿದವ್ರನ್ನ ಬಿಡೂದಿಲ್ಲ, ಯುದ್ಧಕ್ಕ ಹೋಗೂ ಮುಂಚೆ ಆನಿಗಳಿಗೂ ಮದ್ಯಾ ಕುಡಸ್ತಾರ ಅಂತೆಲ್ಲಾ ಬರದಾನ. ಪುಲಿಕೇಶಿ ಕಡೆಯಿಂದ ಒಂದ ದಮ್ಮಡಿ ತಗೊಳ್ಳದ ದೂರದ ಸನ್ಯಾಸಿ ಹೇಳಿದ ಮಾತು ಇದು, ಐಹೊಳಿ ಶಾಸನದ ಮಾತಿಗೆ ಕೂಡತೈತಿ. ಎರಡನ್ನೂ ಪಕ್ಕಕ್ಕ ಪಕ್ಕಕ್ಕ ಇಟ್ಟ ಓದಿಸಿದ್ರ ಇತಿಹಾಸಕ್ಕ ಸಾಕ್ಷಿ ಹೆಂಗ ಹುಡಕ್ತಾರ ಅಂತ ಒಂಬತ್ತನೇತ್ತಾ ಹುಡುಗ್ರಿಗೆ ಸರಳ ತಿಳೀತೈತಿ.

ಒಂದ ಮಾತ ಮಾಸ್ತರ್ರ, ಹ್ಯೂಯೆನ್ ತ್ಸಾಂಗ್ ಬಾದಾಮಿಗೇ ಬಂದಿದ್ದ ಅಂತ ಗೈಡ್‌ಗಳು ಹೇಳ್ತಾರ, ನೀವ ಹಂಗ ಹೇಳಬ್ಯಾಡ್ರಿ. ಆಂವಾ ರಾಜಧಾನಿ ಹೆಸರ ಬರದಿಲ್ಲ, ಆಂವಾ ವಿವರಿಸಿದ ಊರು ನಾಸಿಕ ಇರಬೇಕು ಅನ್ನೂ ವಿದ್ವಾಂಸರೂ ಅದಾರ. ರಾಜ್ಯಕ್ಕ ಬಂದಿದ್ದ ಅನ್ರಿ, ಅದ ಸಾಕಷ್ಟ ದೊಡ್ಡ ಮಾತು.

ತಾಳಿಕೋಟಿ_ಮಗಳು, ಸದ್ಯ ಹೈದರಾಬಾದ್

ನಾನೂ ಅದ ಜಿಲ್ಲಾದಾಕಿ, ಮದವಿ ಆಗಿ ಇಲ್ಲಿಗೆ ಬಂದೀನಿ. 2011ರ ಪ್ರದರ್ಶನ ಸಾಲಾರ್ ಜಂಗ್‌ನ್ಯಾಗ ನಡದಾಗ ನೋಡೀನ್ರಿ ಸರ. ಪುರಾತತ್ವ ಇಲಾಖೆಯವ್ರು ಮತ್ತ ಚೀನಾ ಸರಕಾರದವ್ರು ಕೂಡಿ ಮಾಡಿದ್ದು. ಪಿಂಗಾಣಿ ಎಲ್ಲಾರಿಗೂ ಗೊತ್ತಿದ್ದದ್ದು, ನನ್ನ ಕಾಲ ಕಟ್ಟಿ ಹಾಕಿದ್ದು ಕಂಚಿನ ಪಾತ್ರಿಗಳು.

ಶಾಂಗ್ ಅಂತ ಒಂದ ರಾಜವಂಶ ಇತ್ತು, ಕ್ರಿ.ಪೂ. 1600ರಿಂದ 1046ರತನಕ ಅಂತಾರ. ಅವ್ರ ಕಂಚಿನ ಪಾತ್ರಿ ಊಟಕ್ಕಲ್ಲ, ತೀರಿಹೋದ ಹಿರ್ಯಾರಿಗೆ ಅನ್ನಾ, ಮದ್ಯಾ ಇಡಾಕ. ನಮ್ಮ ಮನ್ಯಾಗ ಮಾನಮಿ ಅಮಾಸಿಗೆ ಹಿರ್ಯಾರಿಗೆ ಎಡಿ ಹಿಡೀತೀವಲ್ಲ, ಹುಡುಗ್ರಿಗೆ ಹಂಗ ಹೇಳಿದ್ರ ಅರ್ಧಾ ಪಾಠ ಮುಗೀತು. ಪಾತ್ರಿ ಹೊಟ್ಟಿ ಮ್ಯಾಲ ಮೊದಲ ನೋಡಿದಾಗ ಬರೇ ಗೆರಿ, ಸುರುಳಿ ಕಾಣತಾವು. ನಡಬರಕ ನೋಡಕೋತ ನಿಂತ್ರ ಎರಡ ಉಬ್ಬಿದ ಕಣ್ಣ ಮೂಡತಾವು, ಆಮ್ಯಾಲೆ ಕೋಡು, ಮೂಗು, ಮ್ಯಾಲಿನ ದವಡಿ, ಕೆಳದವಡಿ ಇರೂದ ಇಲ್ಲ. ಒಮ್ಮೆ ಆ ಮಾರಿ ಕಂಡಿತಂದ್ರ ಮುಂದ ಬರೇ ಗೆರಿ ಅಂತ ಕಾಣೂದ ಇಲ್ಲ, ಅದ ನಿಮ್ಮನ್ನ ನೋಡಾಕ ಸುರು ಮಾಡತೈತಿ. ಇದಕ್ಕ ತಾವೊಟಿಯೆ ಅಂತಾರ.

ಮಾರಿ ನಡುವ ಒಂದ ಏಣ ಇರತೈತಿ, ಅದನ್ನ ತಪ್ಪದ ತೋರಸ್ರಿ. ನಮ್ಮ ಕಡೆ ಪಂಚಲೋಹದ ಮೂರ್ತಿ ಮೇಣದ ಅಚ್ಚಿನ್ಯಾಗ ಎರಿತಾರ. ಶಾಂಗ್ ಕಾಲದವ್ರ ರೀತಿ ಬ್ಯಾರೆ, ಮೊದಲ ಮಣ್ಣಿನ ಪಾತ್ರಿ ಮಾಡಿ ಅದರ ಸುತ್ತ ಹಸಿ ಮಣ್ಣ ಒತ್ತಿ, ಆ ಹೊರಗಿನ ಮಣ್ಣ ತುಂಡ ತುಂಡ ಕತ್ತರಿಸಿ ತಗೀತಿದ್ರು, ಆಮ್ಯಾಲೆ ಒಳಗಿನ ಪಾತ್ರಿ ಸ್ವಲ್ಪ ಕೆರದ ಸಣ್ಣದ ಮಾಡಿ ಮತ್ತ ತುಂಡ ಜೋಡಿಸಿದ್ರ ನಡುವ ಸಂದಿ ಉಳೀತಿತ್ತು, ಆ ಸಂದ್ಯಾಗ ಕರಗಿದ ಕಂಚ ಹುಯ್ಯೂದು. ಆ ಏಣ ಇರೂದು ತುಂಡ ಕೂಡಿದ ಜಾಗಾದಾಗ. ಹಿಂಗ ಎರದದ್ದರಾಗ ಸಿಕ್ಕ ಎಲ್ಲಾಕ್ಕಿಂತ ದೊಡ್ಡ ಪಾತ್ರಿ ಆನ್ಯಾಂಗ್ ಹತ್ರ 1939ರಾಗ ಸಿಕ್ತು, ತೂಕ 832 ಕಿಲೋ ಮ್ಯಾಲ ಐತಿ, ಅದು ಚೀನಾದಾಗನ ಐತಿ. ಈಗ ಇವು ಹಸರ ಕಾಣತಾವು, ಅದು ಮಣ್ಣಾಗ ಹುಗದ ಹತ್ತಿದ ಕಿಲುಬ, ಹೊಸಾದಿದ್ದಾಗ ಬಂಗಾರದಂಗ ಹೊಳೀತಿದ್ದವು.

ಕ್ಲಾಸಿನ ಹುಡುಗ್ಯಾರಿಗೆ ಫು ಹಾವೊ ಅನ್ನಾಕಿ ಕತಿ ಹೇಳ್ರಿ ಸರ, ದಯವಿಟ್ಟ ಬಿಡಬ್ಯಾಡ್ರಿ. ಕ್ರಿ.ಪೂ. 1200ರ ಸುಮಾರಿನ ರಾಣಿ, ರಾಜ ವು ಡಿಂಗ್‌ನ ಹೆಂಡತಿ. ಆಮಿ ಚಿಪ್ಪಿನ ಮ್ಯಾಲ, ದನದ ಹೆಗಲ ಎಲುವಿನ ಮ್ಯಾಲ ಕೊರದ ಶಕುನದ ಬರಹದಾಗ ಈಕಿ ದಂಡ ತಗೊಂಡ ಯುದ್ಧಕ್ಕ ಹೋದದ್ದು ಐತಿ, ಒಂದ ಬರಹದಾಗ 13,000 ಸೈನಿಕರ ಲೆಕ್ಕಾ ಬರತೈತಿ. ಈಕಿ ಸಮಾಧಿ 1976ರಾಗ ಸಿಕ್ತು, ಕಳ್ಳರ ಕೈ ಮುಟ್ಟಿರಲಿಲ್ಲ, 460ಕ್ಕೂ ಹೆಚ್ಚ ಕಂಚಿನ ಸಾಮಾನು, 750ರಷ್ಟ ಜೇಡ್ ಕಲ್ಲಿನ ಸಾಮಾನು, ಸಾವಿರಗಟ್ಲೆ ಕವಡಿ, ಮತ್ತ ಆಕಿ ಯುದ್ಧದ ಕೊಡ್ಲಿ. ಕಿತ್ತೂರ ಚೆನ್ನಮ್ಮ, ಬೆಳವಡಿ ಮಲ್ಲಮ್ಮನ್ನ ಕೇಳಿ ಬೆಳದ ಹುಡುಗ್ಯಾರು ಇದನ್ನ ಕೇಳಿ ಸುಮ್ಮ ಕುಂದರೂದಿಲ್ಲ.

ಇನ್ನ ಸಾಲಾರ್ ಜಂಗ್ ಸಂಗತಿ: ಶುಕ್ರವಾರ ಬಂದ್ ಇರತೈತಿ, ನೆನಪಿಡ್ರಿ. ಗಡಿಯಾರ ಹನ್ನೆರಡಕ್ಕ ಭಾಳ ಹೊತ್ತ ಬಾರಸ್ತದ ಅಂತ ಎಲ್ಲಾರೂ ಆವಾಗ ಅಲ್ಲೇ ಕೂಡಿರ್ತಾರ, ಆ ಗದ್ದಲದ ಹೊತ್ತಿನ್ಯಾಗ ಪೂರ್ವ ದೇಶಗಳ ವಿಭಾಗಕ್ಕ ಹೋದ್ರ ಜಾಗಾ ಖಾಲಿ ಸಿಗತೈತಿ. ಹಸರ ಮೆರಗಿನ ಸಾಮಾನು, ನೀಲಿ ಬಿಳಿ ಎರಡೂ ಅಲ್ಲಿ ಅದಾವು. ಎಲ್ಲಾ ತೋರಸಾಕ ಹೋಗಬ್ಯಾಡ್ರಿ, ಒಂದೊಂದ ಗುಂಪಿಗೆ ಒಂದೊಂದ ಸಾಮಾನ ಕೊಟ್ಟ ಪೆನ್ಸಿಲ್‌ಲೆ ಚಿತ್ರಾ ತಗಸ್ರಿ. ಕೈಲೆ ಬರದ್ರ ಕಣ್ಣ ನೋಡತೈತಿ, ಮೊಬೈಲ್‌ನ್ಯಾಗ ಫೋಟೋ ಹೊಡದ್ರ ನೋಡೂದಿಲ್ಲ.

ಗುಮ್ಮಟನಗರಿ_ಮಾಸ್ತರ, ವಿಜಯಪುರ

ಎಲ್ಲಾರಿಗೂ ಕೈ ಮುಗೀತೀನ್ರಿ, ಇಷ್ಟ ತಿಳಿಸಿ ಹೇಳ್ತೀರಿ ಅಂತ ಅಂದ್ಕೊಂಡಿರಲಿಲ್ಲ. ಅಕ್ಕಾರ, ಚಿತ್ರಾ ತಗಸೂ ಮಾತ ಭಾಳ ಚಲೋ ಐತಿ, ಮತ್ತ ಫು ಹಾವೊಳ ಕತಿ ಇದ ವಾರ ಹೇಳ್ತೀನಿ. ಮಲಪ್ರಭಾ ಅಣ್ಣಾರ, ಬಾದಾಮಿಯವ್ರು ಹೇಳಿದಂಗ ಐಹೊಳಿ ಶಾಸನಾನೂ ಹ್ಯೂಯೆನ್ ತ್ಸಾಂಗ್‌ನ ಮಾತೂ ಒಂದ ಪಾಠದಾಗ ತರ್ತೀನಿ, ನಿಮ್ಮ ಮಾತೂ ಉಳೀತೈತಿ.

ಖಾನಾಪುರದವ್ರಿಗೆ ಎರಡ ಪ್ರಶ್ನೆ. ಒಂದು, ತಾಟಿನ ತಳದಾಗ ಚೀನೀ ಅಕ್ಷರ ಇದ್ರ ಅದು ಆ ಕಾಲದ್ದ ಅಂತ ನಂಬಬೇಕೇನು? ಹುಡುಗ್ರು ಕೇಳೇ ಕೇಳ್ತಾರ. ಎರಡು, ಶಿಯಾನ್‌ದ ಮಣ್ಣಿನ ಸೈನಿಕರ ಫೋಟೋ ಪಠ್ಯಪುಸ್ತಕ ಯೂಟ್ಯೂಬ್ ಎಲ್ಲಾ ಕಡೆ ಅದಾವು, ಆಳೆತ್ತರದ ಮಣ್ಣಿನ ಮೂರ್ತಿ ಸುಟ್ಟದ್ದು ಹೆಂಗ, ಒಡೀಲಿಲ್ಲೇನು?

ಖಾನಾಪುರ_ಮಣ್ಣು, ಬೆಳಗಾವಿ ಜಿಲ್ಲಾ

ಮೊದಲನೇದು. ತಳದಾಗ ಸಾಮಾನ್ಯವಾಗಿ ಆರ ಅಕ್ಷರ, ಯಾವ ರಾಜವಂಶ, ಯಾವ ಅರಸನ ಕಾಲ, ಮಾಡಿದ್ದು ಅಂತ ಇರತೈತಿ, ಬಲಗಡೆ ಸಾಲಿಂದ ಮ್ಯಾಲಿಂದ ಕೆಳಗ ಓದೂದು. ಆದ್ರ ಅದನ್ನ ನೋಡಿ ತೀರ್ಮಾನ ಮಾಡಾಕ ಬರೂದಿಲ್ಲ, ಹಿಂದಿನ ಅರಸರ ಮ್ಯಾಲಿನ ಗೌರವಕ್ಕ ಅವ್ರ ಹೆಸರನ್ನ ಮುಂದಿನ ಕಾಲದ ಕುಶಲಕರ್ಮಿಗಳು ಬರೀತಿದ್ರು, ಮಾರಾಟಕ್ಕ ಅಂತ ಬರದವ್ರೂ ಅದಾರ. ಬಲ್ಲವ್ರು ಅಕ್ಷರಕ್ಕಿಂತ ಮೊದಲ ತಳದ ಉಂಗುರ ನೋಡ್ತಾರ. ಅಲ್ಲಿ ಮೆರಗ ಹಚ್ಚಿರೂದಿಲ್ಲ, ಹಚ್ಚಿದ್ರ ಭಟ್ಟಿಯೊಳಗ ಕೆಳಗಿನದಕ್ಕ ಅಂಟಿ ಹೋಗತೈತಿ. ಅದಕ್ಕ ಮಣ್ಣ ಬರಿಮೈಲೆ ಕಾಣೂದು ಅಲ್ಲಿ ಒಂದ ಕಡೆ. ಮ್ಯೂಸಿಯಂದವ್ರು ಕೆಲವೊಂದನ್ನ ಕನ್ನಡಿ ಮ್ಯಾಲ ಇಟ್ಟಿರ್ತಾರ, ಹಂಗ ಇದ್ರ ಹುಡುಗ್ರಿಗೆ ಬಗ್ಗಿ ನೋಡಾಕ ಹೇಳ್ರಿ.

ಎರಡನೇದು. ಅವು 1974ರಾಗ ರೈತರು ಬಾವಿ ತೋಡೂ ಮುಂದ ಸಿಕ್ಕದ್ದು. ಕ್ರಿ.ಪೂ. 210ರಾಗ ತೀರಿದ ಚಿನ್ ಶಿ ಹುವಾಂಗ್ ಅನ್ನೂ ಮೊದಲನೇ ಚಕ್ರವರ್ತಿ ಗೋರಿ ಕಾಯಾಕ ಇಟ್ಟ ಸೈನ್ಯ, ಒಟ್ಟ 8,000ದಷ್ಟ ಇರಬೇಕು ಅಂತ ಅಂದಾಜ ಮಾಡ್ಯಾರ. ಎಷ್ಟೋ ಮೂರ್ತಿ ನಿಜ ಒಡದ ಚೂರ ಚೂರ ಸಿಕ್ಕಾವ, ಅವನ್ನ ವರ್ಷಗಟ್ಲೆ ಕುಂತ ಜೋಡಿಸ್ಯಾರ. ಮಾಡಿದ ರೀತಿ ನಮ್ಮ ಮಂದಿಗೆ ತಿಳಿಯೂವಂಥಾದ್ದ, ಕಾಲ ಗಟ್ಟಿ ಮಣ್ಣಿಂದು, ತೂಕ ಹೊರಾಕ. ಮ್ಯಾಲಿನ ಮೈ ಮಣ್ಣಿನ ಹಗ್ಗ ಸುತ್ತಿ ಎಬ್ಬಿಸಿದ್ದು, ಒಳಗ ಪೊಳ್ಳ. ಪೊಳ್ಳ ಇದ್ರನ ಒಣಗೂದು ಸುಡೂದು ಒಂದ ಸಮ ಆಗತೈತಿ, ಗಟ್ಟಿ ಇದ್ದಲ್ಲಿ ನೀರ ಉಳದ್ರ ಬೆಂಕ್ಯಾಗ ಸಿಡೀತೈತಿ. ತಲಿ, ಕೈ ಬ್ಯಾರೆ ಮಾಡಿ ಕೂಡಿಸ್ಯಾರ. ಮುಖಕ್ಕ ಅಚ್ಚ ಬಳಸ್ಯಾರ, ಆದ್ರ ಆಮ್ಯಾಲೆ ಮೀಸಿ, ಹುಬ್ಬು, ಕಿವಿ ಕೈಲೆ ತಿದ್ದಿದ್ದಕ್ಕ ಒಬ್ಬನ ಮುಖ ಇನ್ನೊಬ್ಬಗ ಇಲ್ಲ. ಕೆಲವರ ಮೈಮ್ಯಾಲ ಮಾಡಿದವನ ಹೆಸರ ಕೊರದೈತಿ, ಕೆಲಸ ಕೆಟ್ರ ಯಾರನ್ನ ಹಿಡೀಬೇಕು ಅಂತ ಅರಸಗ ಗೊತ್ತಾಗಲಿ ಅಂತ. ನನಗ ಅರಸನಕಿಂತ ಆ ಹೆಸರಿನವ್ರ ಮ್ಯಾಲ ಗೌರವ ಜಾಸ್ತಿ.

ಫೋಟೋದಾಗ ಬೂದ ಬಣ್ಣ ಕಾಣತಾವಲ್ಲ, ಮೊದಲ ಅವಕ್ಕ ಕೆಂಪ, ಹಸರ, ನೀಲಿ, ನೇರಳಿ ಬಣ್ಣ ಇತ್ತು, ಅಡಿಯೊಳಗ ಅರಗಿನಂಥಾ ಪದರ. ಎರಡ ಸಾವಿರ ವರ್ಷ ಹಸಿ ನೆಲದಾಗ ಇದ್ದದ್ದು ಹೊರಗಿನ ಒಣ ಗಾಳಿ ತಾಗಿದ ಕೂಡ್ಲೆ ಆ ಪದರ ಮುರುಟಿ ಬಣ್ಣಾ ಸಮೇತ ನಿಮಿಷದಾಗ ಉದರಿ ಬಿತ್ತು. ಈಗ ಅಗಿಯೂ ಮುಂದನ ಔಷಧ ಹಚ್ಚಿ ತಡೀತಾರ. ದೊಡ್ಡ ಗೋರಿ ಇನ್ನೂ ಮುಚ್ಚೇ ಐತಿ, ತಗೀಬೇಕಂತ ಅವಸರ ಮಾಡಿಲ್ಲ, ಅದು ಸರಿಯಾದ ನಿರ್ಧಾರ.

ಗುಮ್ಮಟನಗರಿ_ಮಾಸ್ತರ, ವಿಜಯಪುರ

ಭಾಳ ಭಾಳ ಥ್ಯಾಂಕ್ಸ್ರೀ. ಮೊದಲ ನಗಾರಖಾನಿ ಮ್ಯೂಸಿಯಂ, ಆಮ್ಯಾಲೆ ಹೈದರಾಬಾದ್, ಅಲ್ಲಿ ಹಸರ ತಾಟು, ನೀಲಿ ಬಿಳಿ ಎರಡ ಸಾಕು ಅಂತ ನಿರ್ಧಾರ ಮಾಡೀನಿ. ಖಾನಾಪುರಕ್ಕೂ ಒಮ್ಮೆ ಹುಡುಗ್ರನ್ನ ಕರ್ಕೊಂಡ ಬರಬೇಕಂತ ಆಗೇತಿ, ತಿಗರಿ, ಭಟ್ಟಿ ಎಲ್ಲಾ ಕಣ್ಣಾರೆ ತೋರಸಾಕ ಆಗತೈತೇನ್ರಿ? ಯಾವಾಗ ಬಂದ್ರ ಚಲೋ?

ಖಾನಾಪುರ_ಮಣ್ಣು, ಬೆಳಗಾವಿ ಜಿಲ್ಲಾ

ಬರ್ರಿ ಮಾಸ್ತರ್ರ, ಧಾರಾಳ ಬರ್ರಿ. ಮಳಿಗಾಲ ಬಿಟ್ಟ ಬರ್ರಿ, ನಮ್ಮ ಕಡೆ ಮಳಿ ಹಿಡೀತಂದ್ರ ಹಸಿ ಗಡಿಗಿ ಒಣಗೂದ ಇಲ್ಲ, ಭಟ್ಟಿ ಹಚ್ಚಾಕ ಆಗೂದಿಲ್ಲ. ದೀಪಾವಳಿ ಮುಗದ ಮ್ಯಾಲ ಬಂದ್ರ ಹುಡುಗ್ರಿಗೆ ತಿಗರಿ ಮ್ಯಾಲ ಕೈ ಇಡಾಕ ಕೊಡ್ತೀನಿ, ಅವ್ರ ಮಾಡಿದ್ದನ್ನ ಸುಟ್ಟ ಸಾಲಿಗೆ ಕಳಸ್ತೀನಿ. ಬರೂಕಿಂತ ವಾರ ಮುಂಚೆ ಇಲ್ಲೇ ಮೆಸೇಜ್ ಹಾಕ್ರಿ, ಮಣ್ಣ ನೆನಸಿ ಇಡಬೇಕಾಗತೈತಿ.